ಹಡಗಿಗೆ ಹಾಸಿದ ಕಟ್ಟಿಗೆ

ಅಣ್ಣಿಗೇರಿಯಲ್ಲಿ ಈರಬಸಪ್ಪ ಕಟ್ಟಿಸಿದ ಹೊಸ ಮನೆಯಲ್ಲಿ ಕಟ್ಟಿಗೆಯಂತೆ ಕಾಣದ ಜಾಗವೇ ಇರಲಿಲ್ಲ. ಕಟ್ಟಿಗೆ ಮಾತ್ರ ಎಲ್ಲಿಯೂ ಇರಲಿಲ್ಲ. ನೆಲಕ್ಕೆ ಹಾಸಿದ್ದು ಹಲಗೆಯ ಗೆರೆ ಮೂಡಿಸಿದ ಟೈಲ್ಸ್. ಪಡಸಾಲೆಯ ಚಾವಣಿಗೆ ಬಡಿಸಿದ್ದು ಬೀಟೆಯ ಬಣ್ಣದ ಪಿವಿಸಿ ಪಟ್ಟಿ. ತಲಬಾಗಿಲಿಗೆ ತಂದು ನಿಲ್ಲಿಸಿದ್ದು ಫೈಬರ್ ಬಾಗಿಲು. ಸಾಗವಾನಿಯ ಗಂಟು, ಸುಳಿ, ಗೆರೆ ಒಂದೂ ಬಿಡದ ಹಾಗೆ ಅದರ ಮೇಲೆ ಅಚ್ಚೊತ್ತಿದ್ದರು.

ಹಳೆಯ ಮನೆಗೆ ನಿಜವಾದ ಸಾಗವಾನಿ ಬಾಗಿಲೇ ಇತ್ತು, ಹಿತ್ತಾಳೆಯ ಗುಬ್ಬಿಮೊಳೆ ಹೊಡೆದದ್ದು. ಆದರೆ ಅದು ಎರೆಮಣ್ಣಿನ ಊರು. ಮಳೆ ಬಿದ್ದರೆ ನೆಲ ಉಬ್ಬುತ್ತಿತ್ತು, ಚೌಕಟ್ಟು ವಾಲುತ್ತಿತ್ತು, ಬಾಗಿಲು ಹಿಡಿದುಕೊಳ್ಳುತ್ತಿತ್ತು. ಒಂದು ಶ್ರಾವಣದಲ್ಲಂತೂ ಒಳಗಿದ್ದವರು ಹಿತ್ತಲಿನಿಂದ ಸುತ್ತಿ ಬಂದು ಹೊರಗಿನಿಂದ ಹೆಗಲು ಕೊಟ್ಟು ತೆರೆಯಬೇಕಾಯಿತು. ಅವತ್ತೇ ಈರಬಸಪ್ಪ ತೀರ್ಮಾನ ಮಾಡಿಬಿಟ್ಟ. ಮನೆ ಕೆಡವಿಸುವಾಗ ಬಡಿಗೇರ ಬುಡನಸಾಬನನ್ನು ಕರೆಸಿ ಬಾಗಿಲು ಬಿಚ್ಚಿಸಿ, ಹಳೆ ಸಾಮಾನು ಕೊಳ್ಳುವವನ ಟೆಂಪೋಕ್ಕೆ ಹೇರಿಸಿದ. ಅವನ ಹೆಂಡತಿ ನೀಲಕ್ಕ ಅರಿಷಿಣದ ಬಟ್ಟಲು ಹಿಡಿದುಕೊಂಡು ಅಂಗಳದಲ್ಲಿ ನಿಂತು ನೋಡಿದಳು. ದಿನಾ ಮುಂಜಾನೆ ಹೊಸ್ತಿಲಿಗೆ ಅರಿಷಿಣ ಹಚ್ಚಿದ ಕೈ ಅದು.

"ಹೊಸಾದ್ದು ಹೆಂಗೈತಿ ನೋಡು," ಎಂದ ಈರಬಸಪ್ಪ ಗೃಹಪ್ರವೇಶದ ದಿನ. "ಗೆದ್ದಲ ಹತ್ತೂದಿಲ್ಲ. ನೀರಿಗೆ ಉಬ್ಬೂದಿಲ್ಲ. ಒಂದ ಬೆರಳಿಲೆ ದಬ್ಬಿದ್ರ ತೆರೀತೈತಿ."

"ಹೌದ್ರಿ. ಗೆದ್ದಲಾನೂ ಹತ್ತೂದಿಲ್ಲ, ಅರಿಷಿಣಾನೂ ಹತ್ತೂದಿಲ್ಲ," ಎಂದಳು ನೀಲಕ್ಕ.

ಅದೇ ಕಟ್ಟಿಗೆ ಗೆರೆಯ ಟೈಲ್ಸ್ ಮೇಲೆ, ನೆಲ ಒರೆಸಿದ ಹಸಿ ಆರುವ ಮುಂಚೆ ಕಾಲಿಟ್ಟು, ಈರಬಸಪ್ಪ ಜಾರಿ ಬಿದ್ದು ಕಾಲು ಮುರಿದುಕೊಂಡ. ಹುಬ್ಬಳ್ಳಿಯಲ್ಲಿ ರಾಡು ಹಾಕಿ ಕಳಿಸಿದರು. ಕಾಳಿನ ದಲ್ಲಾಳಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಆತ ಪಡಸಾಲೆಯ ಮಂಚ ಹಿಡಿದ. ಹುಟ್ಟಿದಾರಭ್ಯ ಪ್ಯಾಟಿಯಲ್ಲಿ ಕೂಗಾಡಿ ಕಾಲ ಕಳೆದವನಿಗೆ ಸುಮ್ಮನೆ ಮಲಗುವುದೆಂದರೆ ಶಿಕ್ಷೆ. ಕುಕ್ಕರಿನ ಸೀಟಿ ಎಣಿಸಿ ಹೇಳತೊಡಗಿದ. ಒಗ್ಗರಣೆಯ ವಾಸನೆ ಹಿಡಿದು ಸಾಸಿವೆ ಸೀದಿದೆ ಎಂದು ಮಲಗಿದಲ್ಲಿಂದಲೇ ಕೂಗತೊಡಗಿದ. ನೀಲಕ್ಕ ತಡೆಯಲಾರದೆ ಗೋವಾದ ಬಂದರದಲ್ಲಿ ನೌಕರಿ ಮಾಡುವ ಅವನ ಅಕ್ಕನ ಮಗನಿಗೆ ಫೋನು ಹಚ್ಚಿದಳು. "ನಿಮ್ಮ ಮಾವನ ಕೈಗೆ ಏನರ ಕೆಲಸಾ ಕೊಡಪಾ. ಬಾಯಿ ತಾನ ಮುಚ್ಚತೈತಿ."

ಅವನು ಮುಂದಿನ ಸಲ ಬಂದಾಗ ದೊಡ್ಡದೊಂದು ಡಬ್ಬಿ ತಂದ. ಒಳಗೆ ಬೂದಿ ಬಣ್ಣದ ಪ್ಲಾಸ್ಟಿಕ್ ತುಣುಕುಗಳು. ಒಂದೊಂದನ್ನೇ ಬಿಡಿಸಿ, ಉಜ್ಜಿ, ಅಂಟಿಸುತ್ತ ಹೋದರೆ ಎರಡೂವರೆ ಫೂಟು ಉದ್ದದ ಯುದ್ಧದ ಹಡಗಾಗುತ್ತದೆ. ಯಾವುದೋ ಮಹಾಯುದ್ಧದಲ್ಲಿ ಓಡಾಡಿದ ಹಡಗಿನ ನಕಲು. ಈರಬಸಪ್ಪ ಸಮುದ್ರ ಕಂಡದ್ದೇ ಒಂದು ಸಲ, ಗೋಕರ್ಣದಲ್ಲಿ, ಅದೂ ಚಪ್ಪಲಿ ಕೈಯಲ್ಲಿ ಹಿಡಿದು ದಂಡೆಯ ಮೇಲೆ ನಿಂತು. ಆದರೂ ಹಡಗು ಅವನನ್ನು ಹಿಡಿದುಕೊಂಡಿತು. ಚಿಮಟ ಹಿಡಿದು ಕಡ್ಡಿಯಷ್ಟು ದಪ್ಪದ ತೋಪು ಕೂರಿಸುವಾಗ ಅವನು ಉಸಿರು ಕಟ್ಟುತ್ತಿದ್ದ. ಮನೆಯಲ್ಲಿ ಉಳಿದವರೆಲ್ಲ ಉಸಿರು ಬಿಟ್ಟರು.

ಹಡಗು ಹೆಚ್ಚು ಕಡಿಮೆ ಮುಗಿದ ಮೇಲೆ ಒಂದು ದಿನ ಮೊಬೈಲಿನಲ್ಲಿ ಅದೇ ಹಡಗು ಮಾಡುವ ಪರದೇಶಿಯೊಬ್ಬನ ವಿಡಿಯೋ ಸಿಕ್ಕಿತು. ಅವನ ಇಂಗ್ಲಿಷು ತಿಳಿಯದಿದ್ದರೂ ಕೈ ಮಾಡಿದ್ದು ತಿಳಿಯಿತು. ಹಡಗಿನ ಮೈ ಮೇಲಿನ ಹಾಸು, ಅಂದರೆ ಡೆಕ್ಕು, ನಿಜವಾದ ಹಡಗಿನಲ್ಲಿ ಸಾಗವಾನಿ ಹಲಗೆಯದಂತೆ. ಡಬ್ಬಿಯಲ್ಲಿ ಬರುವುದು ಬರೇ ಗೆರೆ ಎಳೆದ ಪ್ಲಾಸ್ಟಿಕ್ಕು. ಬೇಕಾದವರು ಅಸಲಿ ಕಟ್ಟಿಗೆಯ ತೆಳ್ಳನೆಯ ಹಾಳೆಯನ್ನು ಬೇರೆ ತರಿಸಿ ಅದರ ಮೇಲೆ ಅಂಟಿಸಬೇಕು.

ಈರಬಸಪ್ಪನಿಗೆ ಸಿಟ್ಟೇ ಬಂತು. "ನೋಡಿದ್ಯಾ ನೀಲಾ? ಪ್ಲಾಸ್ಟಿಕ್ ಮ್ಯಾಲೆ ಕಟಗಿ ಗೆರಿ ಹೊಡದ ಮಂದಿಗೆ ಮೋಸಾ ಮಾಡ್ಯಾರ!"

ನೀಲಕ್ಕ ತಲೆ ಎತ್ತಿ ಪಡಸಾಲೆಯ ಚಾವಣಿಯನ್ನು ಒಮ್ಮೆ ನೋಡಿದಳು. ಒಳಗೆ ಹೋದಳು.

ಅಕ್ಕನ ಮಗನ ಕಡೆಯಿಂದ ಡೆಕ್ಕು ಬಂತು. ಅಂಚೆಯವನು ಕೊಟ್ಟು ಹೋದ ಲಕೋಟೆ ಎಷ್ಟು ಹಗುರವೆಂದರೆ ಒಳಗೇನೂ ಇಲ್ಲವೆಂದೇ ಈರಬಸಪ್ಪ ಮೊದಲು ಎದೆ ಹಿಡಿದುಕೊಂಡ. ಇತ್ತು. ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳುವಾದ ಕಟ್ಟಿಗೆಯ ಹಾಳೆ, ಹಡಗಿನ ಆಕಾರಕ್ಕೆ ಕತ್ತರಿಸಿದ್ದು. ಮೇಲೆ ಲೇಸರಿನಿಂದ ಸುಟ್ಟು ಎಳೆದ ಕೂದಲಿನಂಥ ಹಲಗೆಯ ಸಂದುಗಳು, ತೋಪುಗಳಿಗೆ ದುಂಡನೆಯ ತೂತುಗಳು, ಕೆಳಗೆ ಅಂಟು, ಅಂಟಿಗೊಂದು ಕಾಗದ. ಅಲಮಾರಿಯ ಬಿಜಾಗರಿ ಬದಲಿಸಲು ಬಂದಿದ್ದ ಬುಡನಸಾಬನಿಗೆ ಅದನ್ನು ತೋರಿಸಿದ.

ಬುಡನಸಾಬ ಬೆಳಕಿಗೆ ಹಿಡಿದು ನೋಡಿದ. "ಕಟಗೀನ ಐತ್ರಿ ಸಾಹುಕಾರ್ರ. ಆದ್ರ ಇದು ನನ್ನ ಕೆಲಸಲ್ಲ. ನಾ ರಂದಾ ಹೊಡದ್ರ ಕೆಳಗ ಬೀಳೂ ಸಿಪ್ಪಿ ಇದಕ್ಕಿಂತ ದಪ್ಪ ಇರತೈತಿ." ಆಮೇಲೆ ಏನೋ ನೆನಪಾಗಿ ನಕ್ಕ. "ನಾಕ ಮಂದಿ ಹೊರೂ ಬಾಗಲಾ ಬಿಚ್ಚಿ ಕಳಿಸಿ, ಲಕೋಟಿಯೊಳಗ ಕಟಗಿ ತರ್ಸೀರಲ್ರಿ!"

ಅದನ್ನು ಹಾಸಲು ಹೊರಟಾಗ ತಿಳಿಯಿತು, ಇದು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದು. ಈರಬಸಪ್ಪ ಎಲ್ಲ ಮುಗಿಸಿ ಕೂತಿದ್ದ. ಅಂಟಿಸಿದ ತೋಪು, ಗೋಪುರ, ಕಂಬ, ಎಲ್ಲವನ್ನೂ ಬ್ಲೇಡು ತೂರಿಸಿ ಕೀಳಬೇಕಾಯಿತು. ಒಂದು ಕಂಬ ಲಟಕ್ಕನೆ ಮುರಿದಾಗ ಅವನ ಬಾಯಿಂದ ಬಂದ ಸದ್ದಿಗೆ ನೀಲಕ್ಕ ಮತ್ತೆ ಕಾಲೇ ಮುರಿಯಿತೇನೋ ಎಂದು ಓಡಿಬಂದಳು. ಬಳಿಕ ಪ್ಲಾಸ್ಟಿಕ್ ಡೆಕ್ಕಿನ ಉಬ್ಬುತಗ್ಗುಗಳನ್ನು ಉಸುಕಿನ ಕಾಗದದಿಂದ ತಿಕ್ಕಿ ನುಣುಪು ಮಾಡಿದ. ಹಾಳೆಯನ್ನು ಅಂಟು ಬಿಚ್ಚದೆ ಇಟ್ಟು ಇಟ್ಟು ನೋಡಿದ. ತೂತಿಗೆ ತೂತು ಕೂತಿತು. ಇನ್ನು ಅಂಟಿಸುವುದೊಂದೇ. ಒಮ್ಮೆ ಹಿಡಿದರೆ ಮತ್ತೆ ಎತ್ತುವ ಹಾಗಿಲ್ಲ. ಒಬ್ಬನ ಕೈಗೆ ಆಗುವುದೂ ಅಲ್ಲ.

"ಒಂದ ತುದಿ ಹಿಡಿ ಬಾ," ಎಂದು ಹೆಂಡತಿಯನ್ನು ಕರೆದ.

ನೀಲಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಹಿಡಿದಳು. ಈರಬಸಪ್ಪ ಹಡಗಿನ ಮೂತಿಯ ಕಡೆಯಿಂದ ಕಾಗದ ಬಿಚ್ಚುತ್ತ, ಚಮಚದ ಬೆನ್ನಿನಿಂದ ಒತ್ತುತ್ತ ಬಂದ. ಅವಳು ಸೀರೆ ಮಡಿಸುವಾಗ ಎದುರಿನವರಿಗೆ ಬಿಟ್ಟುಕೊಡುವ ಹಾಗೆ ಸ್ವಲ್ಪಸ್ವಲ್ಪವೇ ಇಳಿಸಿಕೊಟ್ಟಳು. ಕೊನೆಯ ಬೆರಳಗಲ ಕೂತಾಗ ಇಬ್ಬರೂ ಒಟ್ಟಿಗೇ ಉಸಿರುಬಿಟ್ಟರು. ಬೂದಿ ಬಣ್ಣದ ಆಟಿಕೆ ಇದ್ದಕ್ಕಿದ್ದಂತೆ ಹಡಗಾಗಿತ್ತು. ಈರಬಸಪ್ಪ ಹೆಬ್ಬೆರಳಿಂದ ಮೆಲ್ಲಗೆ ಸವರಿದ. ನೀಲಕ್ಕನೂ ಸವರಿದಳು. ಅವಳ ಬೆರಳು ಅಲ್ಲಿ ಬೇಕಾದ್ದಕ್ಕಿಂತ ತುಸು ಹೆಚ್ಚೇ ನಿಂತಿತು.

"ಛಲೋ ಬಂದೈತಿ," ಎಂದಳು.

ಮನೆ ಕಟ್ಟಿದಾಗ ಅವಳು ಈ ಮಾತು ಅಂದಿರಲಿಲ್ಲ. ಈರಬಸಪ್ಪ ಆ ಹಿಗ್ಗಿನಲ್ಲಿ ಕೋಲು ಬಿಟ್ಟು ನಡೆಯತೊಡಗಿದ.

ಅವರ ಮಗಳು ಶೈಲಶ್ರೀ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಆ ದಿನಗಳಲ್ಲೇ ಅವಳನ್ನು ನೋಡಲು, ಕಟ್ಟಿಗೆಯ ತೊಟ್ಟಿಲಿಗೆ ಹೆಸರಾದ ಕಲಘಟಗಿಯ ಒಂದು ಮನೆತನದವರು ಬಂದರು. ವರನ ಹೆಸರು ಗೌರೀಶ, ಸಹಕಾರಿ ಬ್ಯಾಂಕಿನಲ್ಲಿ ನೌಕರಿ. ಮಾತು ಕಡಿಮೆ. ಆ ಕಡಿಮೆಯನ್ನು ತಂದೆ ಮಹಾರುದ್ರಪ್ಪ ತುಂಬಿಕೊಡುತ್ತಿದ್ದ. ಈಗ ಅವನದು ಬರೀ ಭತ್ತದ ಗದ್ದೆ. ಆದರೆ ಅವನಜ್ಜ ಕಟ್ಟಿಗೆ ವ್ಯಾಪಾರ ಮಾಡಿದವನು. ಅದರಿಂದಾಗಿ ಕಟ್ಟಿಗೆಯ ವಿದ್ಯೆ ತನ್ನ ರಕ್ತದಲ್ಲೇ ಇದೆ ಎಂದು ಮಹಾರುದ್ರಪ್ಪನ ನಂಬಿಕೆ.

ಆತ ಒಳಗೆ ಕಾಲಿಡುವ ಮೊದಲೇ ತಲಬಾಗಿಲಿಗೆ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿ ಕೊಟ್ಟು, ತಲೆದೂಗಿದ.

"ಸಾಗವಾನಿ. ದಾಂಡೇಲಿ ಕಡೀದು. ಬಲತ ಕಟಗಿ." ಜತೆಗೆ ಬಂದವರ ಕಡೆ ತಿರುಗಿ, "ಈಗಿನ ಕಾಲದಾಗ ಇಂಥಾ ಬಾಗಲಾ ಹಾಕ್ಸವ್ರು ಯಾರದಾರ್ರಿ? ಬಾಗಲಾ ನೋಡಿದ್ರ ಮನಿತನಾ ಗೊತ್ತಾಗತೈತಿ," ಎಂದ.

ಈರಬಸಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಬರ್ರಿ, ಒಳಗ ಬರ್ರಿ, ಕುಂಡ್ರರಿ," ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲಕ್ಕನ ಕಡೆ ಮಾತ್ರ ನೋಡಲಿಲ್ಲ.

ಶಿರಾ, ಉಪ್ಪಿಟ್ಟು ಬಂದವು. ಶೈಲಶ್ರೀ ಬಂದು ಕೂತು, ಕೇಳಿದ್ದಕ್ಕೆ ಹೇಳಿ ಒಳಗೆ ಹೋದಳು. ಮಾತು ಮಳೆ, ಬೆಳೆ, ಕಡಲೆಯ ದರಕ್ಕೆ ಇಳಿದಾಗ ಮಹಾರುದ್ರಪ್ಪನ ಕಣ್ಣು ಗೋಡೆಯ ಕಟ್ಟೆಯ ಮೇಲಿದ್ದ ಹಡಗಿನ ಮೇಲೆ ಬಿತ್ತು. ಎದ್ದು ಹೋಗಿ ಡೆಕ್ಕಿನ ಮೇಲೆ ಹೆಬ್ಬೆರಳು ಆಡಿಸಿದ.

"ಅಬಬ! ಪ್ಲಾಸ್ಟಿಕ್ಕಿಗೆ ಎಷ್ಟ ಚಂದ ಕಟಗಿ ಬಣ್ಣಾ ಹಚ್ಯಾರ ನೋಡ್ರಿ. ಈಗಿನ ಮಂದಿ ಏನ ಬೇಕಾದ್ದ ನಕಲಿ ಮಾಡ್ತಾರ."

ಈರಬಸಪ್ಪ ಉಪ್ಪಿಟ್ಟಿನ ತಾಟು ಕೆಳಗಿಟ್ಟ. ಸುಮ್ಮನಿರು ಎಂದು ಬುದ್ಧಿ ಹೇಳಿತು. ಆದರೆ ಕಿತ್ತ ತೋಪುಗಳು, ಮುರಿದ ಕಂಬ, ತಿಕ್ಕಿ ತಿಕ್ಕಿ ಸವೆದ ಬೆರಳು, ಎಲ್ಲ ಎದೆಯಲ್ಲಿ ಎದ್ದು ಕೂತವು.

"ಬಣ್ಣಲ್ರಿ ಅದು. ಕಟಗಿ. ಅಸಲಿ ಕಟಗಿ."

ಮಹಾರುದ್ರಪ್ಪ ನಕ್ಕ. "ನಾ ಕಲಘಟಗ್ಯಾಂವ್ರಿ. ಯಾವ್ದು ಕಟಗಿ, ಯಾವ್ದು ಪ್ಲಾಸ್ಟಿಕ್ಕು ನನಗ ಗೊತ್ತಾಗೂದಿಲ್ಲೇನ್ರಿ? ನಿಮ್ಮ ಬಾಗಲಾ ಕಟಗಿ. ಇದು ಪ್ಲಾಸ್ಟಿಕ್ಕು."

ಅಲ್ಲಿಗೆ ಈರಬಸಪ್ಪನಿಗೆ ಇದ್ದದ್ದು ಒಂದೇ ದಾರಿ. ಈ ಮನುಷ್ಯನ ಕಟ್ಟಿಗೆ ವಿದ್ಯೆಯನ್ನು ಸುಳ್ಳು ಮಾಡದೆ ತನ್ನ ಹಡಗು ಖರೆಯಾಗುವಂತಿರಲಿಲ್ಲ.

"ಬಾಗಲಾ ಪ್ಲಾಸ್ಟಿಕ್ ಐತ್ರಿ!" ಎಂದು ಅವನು ಹೆಚ್ಚುಕಡಿಮೆ ಕೂಗಿಯೇಬಿಟ್ಟ. "ಬಾಗಲಾ, ಚಾವಣಿ, ನೆಲಾ, ಎಲ್ಲಾ ನಕಲಿ. ಈ ಮನ್ಯಾಗ ಕಟಗಿ ಅಂತ ಇದ್ರ ಅದು ಆ ಹಡಗಿನ ಮ್ಯಾಲೆ ಒಂದ!"

ಮಹಾರುದ್ರಪ್ಪ ಬಾಗಿಲಿಗೆ ಹೋದ. ಬಡಿದ. ಬಗ್ಗಿ ಕೆಳಗಿನ ಅಂಚು ನೋಡಿದ. ಕಾರಿನ ಕೀಲಿಯಿಂದ ಮರೆಯಲ್ಲೊಂದು ಗೀರು ಎಳೆದು ನೋಡಿದ. ತಿರುಗಿ ಬಂದು ಕುರ್ಚಿಯಲ್ಲಿ ಕೂತು ಕೀಲಿಯನ್ನು ಕಿಸೆಗೆ ಹಾಕಿಕೊಂಡ. ಸಂಬಂಧ ಮುರಿಯಿತೆಂದೇ ಈರಬಸಪ್ಪ ತಿಳಿದ.

"ಈರಬಸಪ್ಪನವರ," ಎಂದ ಕಡೆಗೆ, ದನಿ ತಗ್ಗಿಸಿ. "ಮಗನ ಸಲುವಾಗಿ ಎಷ್ಟ ಮನಿ ತಿರಗೀನಿ. ಎಲ್ಲಾರೂ ಇದ್ದದ್ದಕ್ಕ ಹತ್ತ ಸೇರಿಸಿ ಹೇಳವ್ರ. ನಾ ಹೊಗಳಿದ್ದನ್ನ ಹೌದ ಅಂದಿದ್ರ ನಿಮಗ ಖರ್ಚ ಏನಿತ್ತು? ಆದ್ರೂ ಅಲ್ಲ ಅಂದ್ರಿ. ಇಂಥಾ ಖರೇ ಮನುಷ್ಯಾನ ಮಗಳ ನಮಗ ಬೇಕು."

ಈರಬಸಪ್ಪ ಹಡಗಿನ ಕಡೆ ಬೆರಳು ಮಾಡಿದ. "ಮತ್ತ... ಹಡಗಿಂದು?" ಎಂದ.

ಮಹಾರುದ್ರಪ್ಪ ಅವನ ಕೈ ಹಿಡಿದು ಮೆಲ್ಲಗೆ ತಟ್ಟಿದ. "ಅದನ್ನ ಬಿಡ್ರಿ. ಮನಶ್ಯಾ ಅಂದಮ್ಯಾಲೆ ಒಂದರ ಸಣ್ಣ ಸುಳ್ಳ ಇರಬೇಕು."

ಎಲ್ಲರೂ ಕಾರು ಹತ್ತುವಾಗ ಗೌರೀಶ ಹಿಂದೆ ಉಳಿದ. ಅಪ್ಪ ಮುಂದೆ ಕೂತು ಬಾಗಿಲು ಹಾಕಿಕೊಂಡ ಮೇಲೆ ಈರಬಸಪ್ಪನ ಹತ್ತಿರ ಸರಿದ.

"ಕಾಕಾರ, ಅದು ಕಟಗೀನ ಐತ್ರಿ. ನಾ ಅದರ ಬಾಜೂಕ ಕುಂತಿದ್ನಿ, ನೋಡಿದ್ನಿ. ಹಲಗಿ ಸಂದಿನ್ಯಾಗ ಸುಟ್ಟ ಗೆರಿ ಐತಲ್ರಿ, ಬಣ್ಣಾ ಹಚ್ಚಿದ್ರ ಹಂಗ ಬರೂದಿಲ್ಲ."

"ಮತ್ತ ನಿಮ್ಮ ತಂದ್ಯಾರಿಗೆ ಯಾಕ ಹೇಳಲಿಲ್ಲಪಾ?"

"ಅಪ್ಪನ ಮುಂದ ನಮ್ಮ ಮನ್ಯಾಗ ಯಾರೂ ಎದರ ಮಾತಾಡೂದಿಲ್ರಿ," ಎಂದು ಆತ ಕಾರು ಹತ್ತಿದ.

ಈರಬಸಪ್ಪ ಒಳಗೆ ಬಂದದ್ದು ನಡೆದುಕೊಂಡಲ್ಲ, ತೇಲಿಕೊಂಡು. "ಹುಡುಗ ರತ್ನ! ಒಂದ ನೋಟಕ್ಕ ಹಿಡದಾನ. ನೀಲಾ, ಸಕ್ರಿ ತಾ!"

ಶೈಲಶ್ರೀ ತಾಟುಗಳನ್ನು ಎತ್ತುತ್ತಿದ್ದಳು. "ಅಂದ್ರ, ಗೊತ್ತಿದ್ದೂ ಸುಮ್ಮ ಕುಂತಿದ್ನೇನಪ್ಪಾ?"

"ಹಿರ್ಯಾರ ಮರ್ಯಾದಿ ಅವ್ವಾ ಅದು."

"ನಿನ್ನನ್ನ ಎಲ್ಲಾರ ಮುಂದ ಸುಳ್ಳ ಅಂತಂದ್ರು. ನೀ ಖರೇ ಹೇಳಾಕ ಹತ್ತೀದಿ ಅಂತ ಅವರೊಳಗ ಗೊತ್ತಿದ್ದಾಂವ ಅಂವ ಒಬ್ಬನ. ನಾಳೆ ಅವರಪ್ಪ ನನಗ ಏನರ ಅಂದ್ರ, ಅವಾಗೂ ಇಂವಗ ಖರೇ ಯಾವ್ದು ಗೊತ್ತಿರತೈತಿ. ಅವಾಗೂ ಉಪ್ಪಿಟ್ಟ ತಿನ್ಕೋತ ಕುಂತಿರ್ತಾನ."

"ಲೇ, ಒಂದ ಆಟಗಿ ಸಾಮಾನಿನ ಸಲುವಾಗಿ ಸಂಬಂಧಾ ಬಿಡ್ತಾರೇನು?"

"ಇಷ್ಟ ದಿನಾ ಅದನ್ನ ಆಟಗಿ ಅಂದ್ರ ಮೈಮ್ಯಾಲೆ ಬರ್ತಿದ್ರಿ," ಎಂದಳು ನೀಲಕ್ಕ ಒಳಗಿಂದ. ಸಕ್ಕರೆ ತರಲಿಲ್ಲ.

ಆ ಸಂಜೆ ಶೈಲಶ್ರೀ ತಾನೇ ಗೌರೀಶನಿಗೆ ಫೋನು ಮಾಡಿದಳು. ಮಾಳಿಗೆಯ ಮೇಲೆ ನಿಂತು ಮಾತಾಡಿ ಬಂದು, "ಮೊದ್ಲ ಅವರಪ್ಪಗ ಹೇಳ್ಲಿ. ಆಮ್ಯಾಲೆ ನಾ ನನ್ನ ಮಾತ ಹೇಳ್ತೀನಿ ಅಂದೀನಿ," ಎಂದಳು. ಅಷ್ಟೇ.

ಕಲಘಟಗಿಯಿಂದ ವಾರಗಟ್ಟಲೆ ಸುದ್ದಿ ಬರಲಿಲ್ಲ. ಈರಬಸಪ್ಪ ಎರಡೂ ಕಡೆ ತೂಗಿ ನೋಡುತ್ತಿದ್ದ. ಹುಡುಗ ಬಾಯಿ ಬಿಟ್ಟರೆ ಅಪ್ಪ ಸಿಟ್ಟಾಗಿ ಸಂಬಂಧ ಹೋದೀತು. ಬಿಡದಿದ್ದರೆ ಮಗಳೇ ಒಲ್ಲೆ ಎಂದಾಳು. ಆದರೂ ಹುಡುಗ ಹೇಳಲಿ ಎಂದೇ ಅವನು ಒಳಗೊಳಗೆ ಬೇಡಿಕೊಳ್ಳುತ್ತಿದ್ದ. ಅದು ಮಗಳ ಸಲುವಾಗಿಯೋ ಡೆಕ್ಕಿನ ಸಲುವಾಗಿಯೋ ಎಂದು ಯಾರಾದರೂ ಆಣೆ ಹಾಕಿ ಕೇಳಿದ್ದರೆ ತೊಂದರೆಯಾಗುತ್ತಿತ್ತು.

ಒಂದು ದಿನ ಮಹಾರುದ್ರಪ್ಪನ ಫೋನು ಬಂತು. "ಏನ್ರಿ ಇದು? ನನ್ನ ಮಗಾ ನನಗ ಕಟಗಿ ಪಾಠಾ ಹೇಳಾಕ ಹತ್ಯಾನ! ಐತವಾರ ಬರ್ತೀನಿ, ನೋಡೇ ಬಿಡೂಣು."

ಐತವಾರ ಅಪ್ಪ ಮಗ ಇಬ್ಬರೇ ಬಂದರು. ಮಹಾರುದ್ರಪ್ಪ ಕೂಡಲಿಲ್ಲ, ನೀರು ಮುಟ್ಟಲಿಲ್ಲ. ಕನ್ನಡಕ ಏರಿಸಿ ನೆಟ್ಟಗೆ ಹಡಗಿನ ಹತ್ತಿರ ಹೋದ. ಸವರಿದ. ಮೂಸಿದ. ಉಗುರಿನಿಂದ ಮೂತಿಯ ಅಂಚನ್ನು ಕೆರೆದ.

"ಹಗೂರಕ್ರಿ," ಎಂದ ಈರಬಸಪ್ಪ. "ಹಗೂರಕ, ಅದು..."

ಉಗುರು ಸಂದಿಯಲ್ಲಿ ಇಳಿಯಿತು. ಚರ್ ಎಂದಿತು. ಮೂತಿಯಿಂದ ಮೊದಲನೆಯ ತೋಪಿನವರೆಗೆ ಡೆಕ್ಕು ಮೇಲೆದ್ದು ಬಂತು. ಅದರ ಕೆಳಗೆ ತಿಕ್ಕಿದ ಬೂದಿ ಪ್ಲಾಸ್ಟಿಕ್ಕು ಬೋಳಾಗಿ ಕಾಣಿಸಿತು. ಮಹಾರುದ್ರಪ್ಪ ತುದಿಯನ್ನು ಚಿವುಟಿ ಮುರಿದು, ಬಾಯಿಗೆ ಹಾಕಿ, ಮುಂಬಲ್ಲಿನಿಂದ ಕಡಿದು ನೋಡಿದ. ಅವನ ಮುಖ ಅರಳಿತು.

"ಕಟಗೀನ! ಹೌದಲ್ರಿ, ಕಟಗೀನ!" ಎಂದ. ಮರುಗಳಿಗೆ, "ನನಗ ಅವತ್ತ ಅನಿಸಿತ್ತು. ಕೈಗೆ ಹತ್ತಿದ ಕೂಡಲೆ ಅನಿಸಿತ್ತು. ತಡೀರಿ, ಮುಂದೂ ಇದ ಐತೇನ ನೋಡೂಣು," ಎಂದು ಮತ್ತೆ ಕೈ ಹಾಕಿದ.

ಈರಬಸಪ್ಪ ಎರಡೂ ಕೈಯಿಂದ ಹಡಗಿನ ಹಿಂಭಾಗ ಹಿಡಿದುಕೊಂಡ.

"ಅಪ್ಪಾ, ಸಾಕ ಬಿಡು. ಕೈ ತಗಿ."

ಹೇಳಿದವನು ಗೌರೀಶ. ದನಿ ದೊಡ್ಡದಿರಲಿಲ್ಲ, ಆದರೆ ನಡುಗಲೂ ಇಲ್ಲ. ಮಹಾರುದ್ರಪ್ಪ, ಯಾರೋ ಹೊರಗಿನವರು ಮಾತಾಡಿದರೆಂಬಂತೆ ಸುತ್ತ ನೋಡಿದ. ಮಗನೇ ಎಂದು ಖಾತ್ರಿಯಾದ ಮೇಲೆ ಅವನ ಕೈ ತನ್ನಷ್ಟಕ್ಕೇ ಹಿಂದೆ ಬಂತು. ಚಹಾದ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಶ್ರೀ ಹೊರಗೆ ಬಂದಳು. ಹಿರಿಯರಿಬ್ಬರನ್ನು ದಾಟಿ ಮೊದಲ ಕಪ್ಪನ್ನು ಗೌರೀಶನ ಮುಂದೆ ಹಿಡಿದಳು. ನೀಲಕ್ಕ ಅದನ್ನು ನೋಡಿ ಒಳಗೆ ಹೋಗಿ ಸಕ್ಕರೆ ತಂದಳು.

ತಪ್ಪು ಮಾಡಿದೆನೆಂದು ಮಹಾರುದ್ರಪ್ಪ ಬಾಯಿಬಿಟ್ಟು ಹೇಳುವವನಲ್ಲ. ಅದರ ಬದಲು ಉದಾರಿಯಾದ. "ಬೀಗತೇರ," ಎಂದ ನೀಲಕ್ಕನಿಗೆ, "ನಮ್ಮ ಅಟ್ಟದಾಗ ಅಜ್ಜನ ಕಾಲದ ಸಾಗವಾನಿ ಹಲಗಿ ಅದಾವು. ಒಂದ ಖರೇ ಬಾಗಲಾ ಮಾಡಿಸಿ ಕಳಸ್ತೀನಿ. ನಮ್ಮ ಕಡಿಂದ ಇರ್ಲಿ."

ಈರಬಸಪ್ಪ ಹೆಂಡತಿಯ ಮುಖ ನೋಡಿದ. ಇಷ್ಟು ದಿನದ ಕೊರಗು ಇವತ್ತಿಗೆ ತೀರಿತು ಎಂದುಕೊಂಡ.

ನೀಲಕ್ಕ ತಲಬಾಗಿಲಿನ ಕಡೆ ನೋಡಿದಳು. "ಬ್ಯಾಡ್ರಿ," ಎಂದಳು. "ಮಳಿಗಾಲದಾಗ ಹಿಡ್ಕೋತೈತಿ. ಈಗ ಮೊಣಕೈಲೆ ದಬ್ಬಿದ್ರ ತೆರೀತೈತಿ, ನನಗ ರೂಢಿ ಆಗೈತಿ."

ನಿಶ್ಚಯದ ದಿನ ಗೊತ್ತು ಮಾಡಿ ಬೀಗರು ಹೊರಟರು. ಮುರಿದ ಡೆಕ್ಕಿನ ಚೂರನ್ನು ಮಹಾರುದ್ರಪ್ಪ ಅಂಗಿಯ ಕಿಸೆಗೆ ಹಾಕಿಕೊಂಡ. ಪ್ಲಾಸ್ಟಿಕ್ಕಿನ ಮೇಲಿದ್ದ ಕಟ್ಟಿಗೆಯನ್ನು ತಾನು ಹೇಗೆ ಕಂಡುಹಿಡಿದೆನೆಂದು ಊರಲ್ಲಿ ತೋರಿಸಬೇಕಿತ್ತು.

ಅವರು ಹೋದ ಮೇಲೆ ಈರಬಸಪ್ಪ ಹಡಗನ್ನು ಮೇಜಿಗೆ ತಂದುಕೊಂಡು ಎದ್ದ ಹಾಳೆಯನ್ನು ಚಮಚದಿಂದ ಒತ್ತಿ ನೋಡಿದ. ಅಂಟಿಗೆ ಧೂಳು ಹತ್ತಿತ್ತು. ಒತ್ತಿದರೆ ಕೂರುತ್ತಿತ್ತು, ಕೈ ಬಿಟ್ಟರೆ ಏಳುತ್ತಿತ್ತು. ಶೈಲಶ್ರೀ ಬಂದು ಪಕ್ಕದಲ್ಲಿ ಕೂತು ಮೊಬೈಲಿನ ಬೆಳಕು ಹಿಡಿದಳು.

"ಮನಸಿನಿಂದ ಹೂಂ ಅಂದೀಯೇನವ್ವಾ?" ಎಂದು ಕೇಳಿದ, ಹಡಗಿನಿಂದ ಕಣ್ಣು ಎತ್ತದೆ.

"ಹೂಂ ಅಪ್ಪಾ. ತಡಾ ಮಾಡಿದ್ರೂ ಬಾಯಿ ಬಿಟ್ಟ."

"ಅರ್ಧಾ ಕಿತ್ತ ಮ್ಯಾಲೆ ಬಿಟ್ಟ," ಎಂದ ಈರಬಸಪ್ಪ.

"ಅರ್ಧಾ ಉಳೀತಲ್ಲಪ್ಪಾ," ಎಂದು ಶೈಲಶ್ರೀ ಬೆಳಕನ್ನು ಇನ್ನಷ್ಟು ಹತ್ತಿರ ತಂದಳು.